ಮೇಗುಟಿಯ ಗೋಡೆಯ ಮೇಲಿನ 3735

ಶಾಲಾ ಪ್ರವಾಸದಲ್ಲಿ ನೀವು ಬಾದಾಮಿ, ಪಟ್ಟದಕಲ್ಲು, ಐಹೊಳೆಗಳನ್ನು ನೋಡಿರಬಹುದು. ಐಹೊಳೆಯಲ್ಲಿ ದುರ್ಗದ ಗುಡಿಯ ಮುಂದೆ ಫೋಟೊ ತೆಗೆಸಿಕೊಂಡು, ಹೊತ್ತಾಯಿತೆಂದು ಬಸ್ಸು ಹತ್ತಿ ಬಂದವರೇ ಹೆಚ್ಚು. ಊರಿಗೆ ಹೊಂದಿಕೊಂಡಿರುವ ಗುಡ್ಡವನ್ನು ಹತ್ತಿದವರು ಕಡಿಮೆ. ಆ ಗುಡ್ಡದ ನೆತ್ತಿಯ ಮೇಲೆ ಒಂದು ಜೈನ ಬಸದಿ ಇದೆ. ಮೇಲಿನ ಗುಡಿ ಎಂಬ ಅರ್ಥದ 'ಮೇಲ್ಗುಡಿ' ಜನರ ಬಾಯಲ್ಲಿ ಸವೆದು 'ಮೇಗುಟಿ' ಆಗಿದೆ. ಅದರ ಪೂರ್ವದ ಹೊರಗೋಡೆಯ ಮೇಲೆ, ಹಳೆಯ ಕನ್ನಡ ಲಿಪಿಯಲ್ಲಿ, ಸಂಸ್ಕೃತದ 37 ಪದ್ಯಗಳಿವೆ. ಬರೆದವನು ರವಿಕೀರ್ತಿ. ಹೊಗಳಿಸಿಕೊಂಡವನು ಬಾದಾಮಿ ಚಾಲುಕ್ಯರ ಇಮ್ಮಡಿ ಪುಲಕೇಶಿ.

ಇತಿಹಾಸದ ಪಾಠದಲ್ಲಿ ಈ ಶಾಸನಕ್ಕೆ ಎರಡು ಕಾರಣಗಳಿಗಾಗಿ ಜಾಗ ಸಿಕ್ಕಿದೆ. ಉತ್ತರದ ಹರ್ಷವರ್ಧನನು ಪುಲಕೇಶಿಯಿಂದ ಸೋತದ್ದು ಒಂದು. ರವಿಕೀರ್ತಿ ತನ್ನನ್ನು ಕಾಳಿದಾಸ, ಭಾರವಿಯರ ಸಾಲಿಗೆ ತಾನೇ ಸೇರಿಸಿಕೊಂಡದ್ದು ಇನ್ನೊಂದು. (ಕವಿಯ ಈ ಆತ್ಮಪ್ರಶಂಸೆ ನಮಗೆ ಉಪಕಾರವನ್ನೇ ಮಾಡಿದೆ. ಕಾಳಿದಾಸ ಇದಕ್ಕಿಂತ ಹಿಂದಿನವನು ಎಂದು ಖಚಿತವಾಗಿ ಹೇಳಲು ಇದೊಂದು ಆಧಾರ.) ಆದರೆ 'ಇದಕ್ಕಿಂತ ಹಿಂದೆ' ಎನ್ನಬೇಕಾದರೆ 'ಇದು' ಯಾವಾಗ ಎಂಬುದು ಗೊತ್ತಿರಬೇಕಲ್ಲವೆ? ಅದನ್ನು ಹೇಳುವುದು ಶಾಸನದ ಕೊನೆಯ ಭಾಗದ ಎರಡು ಪದ್ಯಗಳು. ಗಣಿತದ ಶಿಕ್ಷಕರೂ ವಿದ್ಯಾರ್ಥಿಗಳೂ ಗುಡ್ಡ ಹತ್ತಬೇಕಾದದ್ದು ಆ ಎರಡು ಪದ್ಯಗಳಿಗಾಗಿ.

ಅಂಕಿಗಳಿಲ್ಲದ ಸಂಖ್ಯೆ

ಆ ಪದ್ಯಗಳಲ್ಲಿ ಒಂದೂ ಅಂಕಿ ಇಲ್ಲ. ಎಲ್ಲವೂ ಮಾತಿನಲ್ಲಿದೆ. ಮೊದಲ ಪದ್ಯದಲ್ಲಿ ಬರುವ ಸಂಖ್ಯಾವಾಚಕಗಳನ್ನು ಅದೇ ಅನುಕ್ರಮದಲ್ಲಿ ಬರೆದರೆ ಹೀಗಾಗುತ್ತದೆ: ಮೂವತ್ತು, ಮೂರು ಸಾವಿರ, ಏಳು ನೂರು, ಐದು. ಭಾರತ ಯುದ್ಧದಿಂದ ಇಷ್ಟು ವರ್ಷಗಳು ಕಳೆದಿವೆ ಎಂದು ಕವಿಯ ಹೇಳಿಕೆ. ಎರಡನೆಯ ಪದ್ಯದಲ್ಲಿ ಐವತ್ತು, ಆರು, ಐನೂರು. ಇದು ಶಕ ರಾಜರ ಕಾಲದಿಂದ ಕಳೆದ ವರ್ಷಗಳ ಲೆಕ್ಕ. ಕೂಡಿಸಿ ನೋಡಿ:

30 + 3000 + 700 + 5 = 3735
50 + 6 + 500 = 556

ಸಂಖ್ಯಾವಾಚಕಗಳು ಸಾವಿರ, ನೂರು, ಹತ್ತು, ಬಿಡಿ ಎಂಬ ಕ್ರಮದಲ್ಲಿ ಇಲ್ಲ ಎಂಬುದನ್ನು ಗಮನಿಸಿದಿರಾ? ಕ್ರಮ ತಪ್ಪಿದರೂ ಉತ್ತರ ತಪ್ಪುವುದಿಲ್ಲ. ಏಕೆಂದರೆ ಇಲ್ಲಿ ಸಂಖ್ಯೆ ನಿಂತಿರುವುದು ಸಂಕಲನದ ಮೇಲೆ, ಸ್ಥಾನಬೆಲೆಯ ಮೇಲೆ ಅಲ್ಲ. ಛಂದಸ್ಸಿಗೆ ಎಲ್ಲಿ ಹೊಂದುತ್ತದೆಯೋ ಅಲ್ಲಿ ಕವಿ ಪದವನ್ನಿಡಬಹುದು. ಖಗೋಳ ಗ್ರಂಥಗಳಲ್ಲಿ ಆ ವೇಳೆಗಾಗಲೇ ಬಳಕೆಯಲ್ಲಿದ್ದ ಭೂತಸಂಖ್ಯಾ ಪದ್ಧತಿಯಲ್ಲಿ ಈ ಸ್ವಾತಂತ್ರ್ಯವಿಲ್ಲ. ಅದರಲ್ಲಿ 3735 ಅನ್ನು ಬಾಣ (5), ಗುಣ (3), ಶೈಲ (7), ಲೋಕ (3) ಎಂದು ಬಿಡಿಸ್ಥಾನದಿಂದ ಎಡಕ್ಕೆ ಸಾಗುತ್ತ ಹೇಳಬೇಕು. ಶೈಲವನ್ನು ಹಿಂದೆ ಮುಂದೆ ಮಾಡಿದರೆ ಸಂಖ್ಯೆಯೇ ಬದಲಾಗಿಬಿಡುತ್ತದೆ. ಸ್ಥಾನಬೆಲೆ ಎಂದರೇನು ಎಂದು ತರಗತಿಯಲ್ಲಿ ವಿವರಿಸಲು ಇದಕ್ಕಿಂತ ಒಳ್ಳೆಯ ಜೋಡಿ ಉದಾಹರಣೆ ನನಗೆ ಸಿಕ್ಕಿಲ್ಲ.

ಇನ್ನೊಂದು ಮಾತು. ಎರಡೂ ಕಡೆ 'ಕಳೆದ' ವರ್ಷಗಳೆಂದೇ ಹೇಳಿದೆ. ಶಕ 556 ತುಂಬಿ ಮುಂದಿನ ವರ್ಷ ನಡೆಯುತ್ತಿದೆ. ಹಾಗಾಗಿ ಶಾಸನದ ಕಾಲ ಕ್ರಿ.ಶ. 634-35.

ಸಂಖ್ಯೆಯ ಜಾತಕ

ಈಗ ಕವಿ, ರಾಜ, ಯುದ್ಧ ಎಲ್ಲವನ್ನೂ ಬದಿಗಿಟ್ಟು ಕೇವಲ 3735 ಎಂಬ ಪೂರ್ಣಸಂಖ್ಯೆಯನ್ನು ನೋಡೋಣ. ಅದು ಬೆಸಸಂಖ್ಯೆ. ಕೊನೆಯಲ್ಲಿ 5 ಇರುವುದರಿಂದ 5ರಿಂದ ಭಾಗವಾಗುತ್ತದೆ. ಅಂಕಿಗಳ ಮೊತ್ತ 18 ಆದ್ದರಿಂದ 9ರಿಂದಲೂ ಭಾಗವಾಗುತ್ತದೆ. ಉಳಿಯುವುದು 83. ಅದು ಅವಿಭಾಜ್ಯ. ಅಂದರೆ

3735 = 3 × 3 × 5 × 83

ಇದಕ್ಕೆ ಒಟ್ಟು 12 ಅಪವರ್ತನಗಳಿವೆ. ತನ್ನನ್ನು ಬಿಟ್ಟು ಉಳಿದ 11 ಅಪವರ್ತನಗಳ ಮೊತ್ತ 2817. ಇದು 3735ಕ್ಕಿಂತ ಕಡಿಮೆ ಇರುವುದರಿಂದ ಗಣಿತಜ್ಞರು ಇದನ್ನು 'ನ್ಯೂನ ಸಂಖ್ಯೆ'ಗಳ ಗುಂಪಿಗೆ ಸೇರಿಸುತ್ತಾರೆ. 83 ಅನ್ನು 4ರಿಂದ ಭಾಗಿಸಿದಾಗ ಶೇಷ 3 ಬರುತ್ತದೆ. ಅಂಥ ಅವಿಭಾಜ್ಯವೊಂದು ಒಂದೇ ಸಲ ಅಪವರ್ತನವಾಗಿ ಬಂದರೆ ಆ ಸಂಖ್ಯೆಯನ್ನು ಎರಡು ವರ್ಗಗಳ ಮೊತ್ತವಾಗಿ ಬರೆಯಲು ಸಾಧ್ಯವೇ ಇಲ್ಲ. ಬೇಕಾದರೆ ಪ್ರಯತ್ನಿಸಿ ಸೋತು ನೋಡಿ.

ನಾಸಿಕದ ಬಳಿಯ ದೇವಳಾಲಿಯಲ್ಲಿ ಶಾಲಾ ಶಿಕ್ಷಕರಾಗಿದ್ದ ಡಿ.ಆರ್. ಕಾಪ್ರೇಕರ್ ಅವರ ಆಟ ನಿಮಗೆ ಗೊತ್ತಿರಬಹುದು. ನಾಲ್ಕು ಅಂಕಿಗಳ ಸಂಖ್ಯೆಯ ಅಂಕಿಗಳನ್ನು ಇಳಿಕೆ ಕ್ರಮದಲ್ಲಿಯೂ ಏರಿಕೆ ಕ್ರಮದಲ್ಲಿಯೂ ಬರೆದು ಕಳೆಯುತ್ತ ಹೋದರೆ, ಎಲ್ಲ ಅಂಕಿಗಳೂ ಒಂದೇ ಆಗಿರದಿದ್ದ ಪಕ್ಷದಲ್ಲಿ, ಏಳು ಹೆಜ್ಜೆಗಳ ಒಳಗೆ 6174 ಬರುತ್ತದೆ. ನಮ್ಮ ಶಾಸನದ ಸಂಖ್ಯೆಗೆ ಏಳು ಹೆಜ್ಜೆ ಬೇಕಿಲ್ಲ, ಎರಡೇ ಸಾಕು: 7533 − 3357 = 4176. ಮತ್ತೆ 7641 − 1467 = 6174.

ಇದಕ್ಕಿಂತ ಸೊಗಸಾದದ್ದು ಒಂದಿದೆ. 3735 ಅನ್ನು ಕಂಪ್ಯೂಟರಿನ ಭಾಷೆಯಾದ ದ್ವಿಮಾನ ಪದ್ಧತಿಯಲ್ಲಿ ಬರೆಯಿರಿ. 2048 + 1024 + 512 + 128 + 16 + 4 + 2 + 1, ಅಂದರೆ 111010010111. ಇದನ್ನು ಬಲದಿಂದ ಎಡಕ್ಕೆ ಓದಿ. ಅದೇ! 'ವಿಕಟಕವಿ' ಎಂಬ ಪದದಂತೆ ಎತ್ತಲಿಂದ ಓದಿದರೂ ಒಂದೇ. ಇಂಥ ಸಂಖ್ಯೆಗಳ ಮೇಲೆ ನಮ್ಮ ನಾಡಿನವರಿಗೆ ಹಳೆಯ ಪ್ರೀತಿ. ರವಿಕೀರ್ತಿಗಿಂತ ಸುಮಾರು ಇನ್ನೂರು ವರ್ಷಗಳ ನಂತರ, ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲದಲ್ಲಿ 'ಗಣಿತಸಾರಸಂಗ್ರಹ'ವನ್ನು ಬರೆದ ಮಹಾವೀರಾಚಾರ್ಯನು ಗುಣಾಕಾರದ ಲೆಕ್ಕಗಳಲ್ಲಿ ಇಂಥ ಉತ್ತರಗಳನ್ನೇ ಆರಿಸಿಕೊಂಡು ಅವನ್ನು ಕೊರಳ ಹಾರಕ್ಕೆ ಹೋಲಿಸಿದ್ದಾನೆ. 2,79,94,681 ಅನ್ನು 441ರಿಂದ ಗುಣಿಸಿದರೆ ಬರುವ 12345654321 ಅವುಗಳಲ್ಲೊಂದು. 139 × 109 = 15151 ಇನ್ನೊಂದು. ಈ 139ರ ನಾಲ್ಕರಷ್ಟೇ ನಮ್ಮ ಶಕವರ್ಷ 556. ಇದು ಬರಿಯ ಆಕಸ್ಮಿಕ.

ಆಕಸ್ಮಿಕ ಎಂಬ ಮಾತನ್ನು ಒತ್ತಿ ಹೇಳಬೇಕು. ದ್ವಿಮಾನದಲ್ಲಿ 3735 ಹಾರವಾಗುವುದು ರವಿಕೀರ್ತಿಗೆ ಗೊತ್ತಿರಲಿಲ್ಲ. ಗೊತ್ತಿದ್ದರೂ ಅದರಿಂದ ಅವನಿಗೆ ಏನೂ ಆಗಬೇಕಿರಲಿಲ್ಲ. ಅಪವರ್ತನ, ನ್ಯೂನತೆ, ಹಾರ ಇವೆಲ್ಲ 3735ರ ಗುಣಗಳು. 3735 ಜೋಳದ ಕಾಳುಗಳನ್ನು ಎಣಿಸಿಟ್ಟರೂ ಇವು ಹಾಗೆಯೇ ಇರುತ್ತವೆ. ಮೇಗುಟಿಯ ಗೋಡೆಯ ಮೇಲೆ ನಿಂತಾಗ ಆ ಸಂಖ್ಯೆಗೆ ಬೇರೊಂದು ಪ್ರಶ್ನೆಯನ್ನು ಕೇಳಬೇಕಾಗುತ್ತದೆ: ನೀನು ಬಂದದ್ದು ಹೇಗೆ? ನಿನ್ನನ್ನು ಯಾರಾದರೂ ಎಣಿಸಿದರೆ, ಅಥವಾ ಲೆಕ್ಕ ಹಾಕಿ ಪಡೆದರೆ?

ಎಣಿಸಿದ್ದು, ಕಟ್ಟಿದ್ದು

ಇದೇ ಶಾಸನದಲ್ಲಿ ಇನ್ನೂ ದೊಡ್ಡ ಸಂಖ್ಯೆಯೊಂದಿದೆ. ಪುಲಕೇಶಿಯು 99,000 ಗ್ರಾಮಗಳುಳ್ಳ ಮೂರು ಮಹಾರಾಷ್ಟ್ರಕಗಳ ಒಡೆಯನಾದ ಎಂದು ಕವಿ ಹೇಳುತ್ತಾನೆ. ಯಾರೋ ಊರೂರು ಅಲೆದು ಎಣಿಸಿದ ಲೆಕ್ಕ ಇದೆಂದು ನೀವು ನಂಬುತ್ತೀರಾ? ನಂತರದ ಶತಮಾನಗಳ ಶಾಸನಗಳಲ್ಲಿ ಬನವಾಸಿ 12,000, ಗಂಗವಾಡಿ 96,000, ನೊಳಂಬವಾಡಿ 32,000 ಎಂಬ ಹೆಸರುಗಳು ಮತ್ತೆ ಮತ್ತೆ ಬರುತ್ತವೆ. ಪಟ್ಟದಕಲ್ಲಿನ ಸುತ್ತಿನ ಸೀಮೆಗೆ ಕಿಸುಕಾಡು 70 ಎಂದೇ ಹೆಸರು. ಇವು ಸೀಮೆಯ ಹೆಸರಿಗೆ ಅಂಟಿಕೊಂಡ ರೂಢಿಯ ಸಂಖ್ಯೆಗಳು.

ಇವುಗಳ ಅಪವರ್ತನ ಮಾಡಿದರೆ ಒಂದು ಸ್ವಾರಸ್ಯ ಕಾಣುತ್ತದೆ. 12,000ದಲ್ಲಿ 2, 3, 5 ಮಾತ್ರ. 96,000ದಲ್ಲಿಯೂ ಅಷ್ಟೆ. 32,000ದಲ್ಲಿ 2 ಮತ್ತು 5. 99,000ದಲ್ಲಿ ಇವುಗಳ ಜೊತೆಗೆ ಒಂದು 11. ಚಿಕ್ಕ ಅವಿಭಾಜ್ಯಗಳಿಂದಲೇ ಆದ ಇಂಥವನ್ನು ಗಣಿತದಲ್ಲಿ 'ನುಣುಪಾದ' ಸಂಖ್ಯೆಗಳೆಂದು ಕರೆಯುವುದುಂಟು. ಮನುಷ್ಯರು ತಮ್ಮ ಅನುಕೂಲಕ್ಕೆ ಕಟ್ಟಿಕೊಂಡ ಸಂಖ್ಯೆಗಳು ಸಾಮಾನ್ಯವಾಗಿ ನುಣುಪಾಗಿರುತ್ತವೆ. ಕೋಲಿಗೆ 24 ಅಂಗುಲ, ದಿನಕ್ಕೆ 60 ಘಳಿಗೆ, ಚಕ್ರಕ್ಕೆ 360 ಅಂಶ. ಮಹಾಯುಗದ 43,20,000 ವರ್ಷಗಳನ್ನೇ ನೋಡಿ: ಎಂಟು 2, ಮೂರು 3, ನಾಲ್ಕು 5. ಬೇರೆ ಏನೂ ಇಲ್ಲ. ನಿಜವಾಗಿ ಎಣಿಸಿದಾಗ ಬರುವ ಸಂಖ್ಯೆಗಳು ಅಷ್ಟು ವಿಧೇಯವಾಗಿರುವುದಿಲ್ಲ. ಅವುಗಳಲ್ಲಿ ಎಲ್ಲಿಯಾದರೂ ಒಂದು 83, ಒಂದು 139 ನುಸುಳಿರುತ್ತದೆ. 556ರಲ್ಲಿ 139 ಇದೆ. ಶಕವರ್ಷವನ್ನು ಪಶ್ಚಿಮ ಕ್ಷತ್ರಪರ ನಾಣ್ಯಗಳ ಕಾಲದಿಂದಲೂ ವರ್ಷ ವರ್ಷ ಎಣಿಸುತ್ತ ಬಂದಿದ್ದಾರೆ. ಎಣಿಕೆ ಅಲ್ಲಿ ನಿಜ.

ಹಾಗಾದರೆ 3735ರಲ್ಲಿ 83 ಇದೆಯಲ್ಲ, ಅದೂ ಎಣಿಸಿದ್ದೇ ಇರಬೇಕು ಎಂದು ನೀವು ಹೇಳಬಹುದು. ನುಣುಪು ಎಂಬುದು ಸುಳಿವು ಮಾತ್ರ, ಸಾಕ್ಷಿಯಲ್ಲ. ಇಲ್ಲಿ ಆ ಸುಳಿವು ನಮ್ಮನ್ನು ದಾರಿ ತಪ್ಪಿಸುತ್ತದೆ. ಎರಡೂ ಸಂಖ್ಯೆಗಳ ವ್ಯತ್ಯಾಸ ತೆಗೆಯಿರಿ:

3735 − 556 = 3179

ಈಗ ಪಾಟಲಿಪುತ್ರದ ಕಡೆಗೆ ಹೋಗೋಣ. ಕುಸುಮಪುರದ ಹೆಸರು ಹೇಳಿ ಗ್ರಂಥ ಬರೆದ ಆರ್ಯಭಟನು, ಅರವತ್ತರ ಅರವತ್ತು ವರ್ಷಗಳು ಕಳೆದಾಗ ತನಗೆ 23 ವರ್ಷ ಎಂದು ತಿಳಿಸಿದ್ದಾನೆ. 60 × 60 = 3600 ಕಲಿವರ್ಷ. ಅದು ಕ್ರಿ.ಶ. 499, ಶಕ 421. ಕಳೆಯಿರಿ: 3600 − 421 = 3179. ಅದೇ ಸಂಖ್ಯೆ! ಇಂದಿಗೂ ಪಂಚಾಂಗದವರು ಶಕವರ್ಷಕ್ಕೆ 3179 ಕೂಡಿಸಿಯೇ ಕಲಿವರ್ಷ ಬರೆಯುತ್ತಾರೆ. (3179 = 11 × 17 × 17. ಒಂದಕ್ಕೊಂದು ಸಂಬಂಧವಿಲ್ಲದ ಎರಡು ಮೊದಲುಗಳ ನಡುವಿನ ಅಂತರ ಇದಾದ್ದರಿಂದ ನುಣುಪು ಇಲ್ಲ.)

ಆದ್ದರಿಂದ 3735 ಅನ್ನು ಹೀಗೆ ಬಿಡಿಸಬೇಕು: 3600 + 135. ಇದರಲ್ಲಿ 135 ಎಣಿಸಿದ್ದು. 499ರಿಂದ 634ರವರೆಗೆ ನಿಜವಾಗಿ ಕಳೆದ ವರ್ಷಗಳು ಅಷ್ಟು. 3600 ಕಟ್ಟಿದ್ದು. ಅಪವರ್ತನದ ದೃಷ್ಟಿಯಿಂದ 3735 ಸಂಯುಕ್ತ ಸಂಖ್ಯೆ ಎಂದೆವಷ್ಟೆ? ಇತಿಹಾಸದ ದೃಷ್ಟಿಯಿಂದಲೂ ಅದು ಸಂಯುಕ್ತವೇ.

ನಾಲ್ಕರಿಂದ ಭಾಗವಾಗುವ ಗ್ರಹಗಳು

'3600 ಕಟ್ಟಿದ್ದು' ಎಂದೊಡನೆ ಕೆಲವರಿಗೆ ಬೇಸರವಾದೀತು. ಆರ್ಯಭಟನು ಸುಳ್ಳು ಹೇಳಿದ ಎಂದು ಇದರ ಅರ್ಥವಲ್ಲ. ಹೇಗೆ ಕಟ್ಟಿದ ಎಂಬುದನ್ನು ನೋಡಿದರೆ ಅವನ ಮೇಲಿನ ಗೌರವ ಹೆಚ್ಚುತ್ತದೆ.

ಕಲಿಯುಗದ ಆರಂಭ ಕ್ರಿ.ಪೂ. 3102ರ ಫೆಬ್ರವರಿ 18, ಶುಕ್ರವಾರ. (3735ರಲ್ಲಿ 634 ಕಳೆದರೆ 3101 ತಾನೆ ಬರುವುದು ಎಂದು ಕೇಳುವ ವಿದ್ಯಾರ್ಥಿಗೆ ಶಹಬ್ಬಾಸ್ ಹೇಳಿ. ಕ್ರಿಸ್ತಶಕದಲ್ಲಿ ಸೊನ್ನೆಯ ವರ್ಷವಿಲ್ಲ. ಒಂದು ಹೆಚ್ಚಾಗುವುದು ಅದರಿಂದ.) ಆ ದಿನ ಸೂರ್ಯ, ಚಂದ್ರ ಮತ್ತು ಐದು ಗ್ರಹಗಳ ಸರಾಸರಿ ಸ್ಥಾನಗಳು ಮೇಷದ ಮೊದಲ ಬಿಂದುವಿನಲ್ಲಿ ಒಟ್ಟಾಗಿದ್ದವು ಎಂಬುದು ಈ ಪದ್ಧತಿಯ ತಳಹದಿ. ಇಂದಿನ ಖಗೋಳ ಗಣನೆಯನ್ನು ಹಿಂದಕ್ಕೆ ಓಡಿಸಿದರೆ ಅಂದು ಅವು ಒಂದೇ ಬಿಂದುವಿನಲ್ಲಿರಲಿಲ್ಲ, ಹತ್ತಾರು ಡಿಗ್ರಿಗಳಷ್ಟು ಹರಡಿಕೊಂಡಿದ್ದವು ಎಂದು ಗೊತ್ತಾಗುತ್ತದೆ. ಹಾಗಿದ್ದರೆ ಆ ಒಟ್ಟುಗೂಡುವಿಕೆ ಬಂದದ್ದು ಎಲ್ಲಿಂದ?

ಒಂದು ಮಹಾಯುಗದಲ್ಲಿ ಪ್ರತಿ ಗ್ರಹ ಎಷ್ಟು ಸುತ್ತು ಸುತ್ತುತ್ತದೆ ಎಂದು ಆರ್ಯಭಟನು ಪೂರ್ಣಸಂಖ್ಯೆಗಳಲ್ಲಿ ಕೊಡುತ್ತಾನೆ. ಶನಿ 1,46,564. ಗುರು 3,64,224. ಕುಜ 22,96,824. ಚಂದ್ರ 5,77,53,336. ಬುಧ, ಶುಕ್ರಗಳಿಗೆ ಶೀಘ್ರೋಚ್ಚದ ಸುತ್ತುಗಳು 1,79,37,020 ಮತ್ತು 70,22,388. ಪ್ರತಿಯೊಂದರ ಕೊನೆಯ ಎರಡು ಅಂಕಿಗಳನ್ನು ನೋಡಿ: 64, 24, 24, 36, 20, 88. ಎಲ್ಲವೂ 4ರಿಂದ ಭಾಗವಾಗುತ್ತವೆ! ಆರ್ಯಭಟನ ಮಹಾಯುಗಕ್ಕೆ 10,80,000 ವರ್ಷಗಳ ನಾಲ್ಕು ಸಮಪಾದಗಳು. ಸುತ್ತುಗಳು 4ರಿಂದ ಭಾಗವಾಗುವುದರಿಂದ ಪ್ರತಿ ಪಾದದ ಕೊನೆಯಲ್ಲಿ ಎಲ್ಲ ಗ್ರಹಗಳೂ ಪೂರ್ಣ ಸುತ್ತು ಮುಗಿಸಿ ಮೊದಲ ಬಿಂದುವಿಗೆ ಬಂದೇ ತೀರಬೇಕು. ಮೂರು ಪಾದ ಮುಗಿದ ಗಳಿಗೆಯೇ ಕಲಿಯ ಆರಂಭ. ಒಟ್ಟುಗೂಡುವಿಕೆ ಆಕಾಶದಲ್ಲಿ ಕಂಡದ್ದಲ್ಲ, ಸಂಖ್ಯೆಗಳೊಳಗೆ ಹೊಲಿದಿಟ್ಟದ್ದು.

ಆದರೆ ತನ್ನ ಕಾಲದ ಆಕಾಶಕ್ಕೆ ಅದು ಹೊಂದಬೇಡವೆ? ಶನಿಯ ಲೆಕ್ಕ ಮಾಡೋಣ. 3600 ವರ್ಷ ಎಂದರೆ ಮಹಾಯುಗದ 1200ರಲ್ಲಿ ಒಂದು ಭಾಗ. 1,46,564 ÷ 1200 ಮಾಡಿದರೆ 122 ಪೂರ್ಣ ಸುತ್ತು, ಶೇಷ 164. ಈ ಶೇಷವನ್ನು ಡಿಗ್ರಿಗೆ ತಿರುಗಿಸಿದರೆ 164 ÷ 1200 × 360 = 49.2. ಅಂದರೆ ಕ್ರಿ.ಶ. 499ರಲ್ಲಿ ಶನಿಯ ಸರಾಸರಿ ಸ್ಥಾನ 49.2 ಡಿಗ್ರಿ. ಈಗ ಸುತ್ತುಗಳನ್ನು 4ರಷ್ಟು ಹೆಚ್ಚಿಸಿ ಅಥವಾ ತಗ್ಗಿಸಿ. 499ರ ಸ್ಥಾನ ಬದಲಾಗುವುದು ಕೇವಲ 1.2 ಡಿಗ್ರಿ. ಅಂದರೆ ಗ್ರಹ ಆಕಾಶದಲ್ಲಿ ಎಲ್ಲೇ ಇರಲಿ, 4ರ ಯಾವುದಾದರೂ ಗುಣಕವನ್ನು ಆರಿಸಿ ಅದರ ಸ್ಥಾನವನ್ನು 0.6 ಡಿಗ್ರಿಯ ಒಳಗೆ ಹೊಂದಿಸಬಹುದು. ಹಿಂದೆ 3600 ವರ್ಷಗಳ ಕೆಳಗೆ ಎಲ್ಲವೂ ಸೊನ್ನೆ, ಮುಂದೆ ತನ್ನ ಕಾಲದಲ್ಲಿ ಎಲ್ಲವೂ ಸರಿ. ಎಂಥ ಚಾತುರ್ಯ! 1971ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಫ್ರಾನ್ಸಿನ ರೋಜೆ ಬಿಯಾರ್ ಅವರು ಈ ಸಂಖ್ಯೆಗಳನ್ನು ಆಧುನಿಕ ಗಣನೆಯೊಡನೆ ಹೋಲಿಸಿದರು. ಆರ್ಯಭಟನ ಗ್ರಹಸ್ಥಾನಗಳ ದೋಷ ಅತ್ಯಂತ ಕಡಿಮೆಯಾಗುವುದು ಕ್ರಿ.ಶ. 510ರ ಸುಮಾರಿಗೆ ಎಂದು ಕಂಡುಬಂತು. ವೀಕ್ಷಣೆ ನಡೆದದ್ದು ಯಾವಾಗ ಎಂಬುದನ್ನು ಸಂಖ್ಯೆಗಳೇ ಒಪ್ಪಿಕೊಂಡಂತಾಯಿತು.

ಕಲ್ಲು ಯಾವುದಕ್ಕೆ ಸಾಕ್ಷಿ?

'ಭಾರತ ಯುದ್ಧ ಕ್ರಿ.ಪೂ. 3102ರಲ್ಲಿ ನಡೆಯಿತು, ಐಹೊಳೆಯ ಶಾಸನವೇ ಇದಕ್ಕೆ ಸಾಕ್ಷಿ' ಎಂಬ ಮಾತನ್ನು ನೀವು ಭಾಷಣಗಳಲ್ಲಿ ಕೇಳಿರುತ್ತೀರಿ, ಪುಸ್ತಕಗಳಲ್ಲಿ ಓದಿರುತ್ತೀರಿ. ವಿದ್ಯಾರ್ಥಿಗಳು ಕೇಳಿದಾಗ ಶಿಕ್ಷಕರಿಗೆ ಇಕ್ಕಟ್ಟು. ಕಲ್ಲಿನಲ್ಲಿ ಹಾಗೆ ಕೆತ್ತಿರುವುದು ನಿಜ. ಅದನ್ನು ಯಾರೂ ಆಮೇಲೆ ತಿದ್ದಿಲ್ಲ. ಆದರೆ ಸಾಕ್ಷಿ ಹೇಳುವವನು ಕಣ್ಣಾರೆ ಕಂಡಿರಬೇಕು, ಇಲ್ಲವೇ ಕಂಡವರಿಂದ ಬಿಡದೆ ಬಂದ ಎಣಿಕೆಯನ್ನಾದರೂ ಹಿಡಿದಿರಬೇಕು. 3735ರ ಹಿಂದೆ ಅಂಥ ಎಣಿಕೆ ಇಲ್ಲ. 556 ಮತ್ತು 3179 ಇವೆ.

ಅದೇ ಕಾಲದ ಬೇರೆ ಲೆಕ್ಕವೂ ಇತ್ತು. ಆರ್ಯಭಟನ ನಂತರದ ತಲೆಮಾರಿನ ವರಾಹಮಿಹಿರನು 'ಬೃಹತ್ಸಂಹಿತೆ'ಯಲ್ಲಿ ಯುಧಿಷ್ಠಿರನ ಕಾಲವನ್ನು ಪಡೆಯಲು ಶಕವರ್ಷಕ್ಕೆ 2526 ಕೂಡಿಸಬೇಕೆನ್ನುತ್ತಾನೆ. ರವಿಕೀರ್ತಿ ಈ ಪರಂಪರೆಯನ್ನು ಹಿಡಿದಿದ್ದರೆ ಮೇಗುಟಿಯ ಗೋಡೆಯ ಮೇಲೆ 556 + 2526 = 3082 ಎಂದಿರುತ್ತಿತ್ತು. ಎರಡರ ಅಂತರ 653 ವರ್ಷ. ಹನ್ನೆರಡನೆಯ ಶತಮಾನದ ಕಾಶ್ಮೀರದ ಕಲ್ಹಣನು ಕಲಿಯ 653 ವರ್ಷಗಳು ಕಳೆದ ಮೇಲೆ ಪಾಂಡವರಿದ್ದರು ಎಂದು 'ರಾಜತರಂಗಿಣಿ'ಯಲ್ಲಿ ಬರೆದದ್ದು ಇದೇ ಲೆಕ್ಕದಿಂದ. ಒಂದೇ ಯುದ್ಧಕ್ಕೆ ಎರಡು ಕಾಲಗಳು, ಎರಡೂ ಗೌರವಾನ್ವಿತ ಗ್ರಂಥಗಳಲ್ಲಿ.

ನನ್ನ ದೃಷ್ಟಿಯಲ್ಲಿ ಇದರಿಂದ ಶಾಸನದ ಬೆಲೆ ಒಂದಿಷ್ಟೂ ತಗ್ಗುವುದಿಲ್ಲ. ಅದು ಸಾಕ್ಷಿ ಹೇಳುವ ವಿಷಯ ಬೇರೆ, ಅಷ್ಟೆ. 3600 ಎಂದು ಆರ್ಯಭಟ ಬರೆದ ಯುಗಗಣನೆ 135 ವರ್ಷಗಳ ನಂತರ ಮಲಪ್ರಭೆಯ ಕಣಿವೆಯ ಕವಿಯೊಬ್ಬನಿಗೆ ಗೊತ್ತಿತ್ತು, ಅದನ್ನವನು ಶಕವರ್ಷದೊಡನೆ ತಪ್ಪಿಲ್ಲದೆ ಹೊಂದಿಸಿದ. ಕಲಿಗಣನೆಯ ವರ್ಷವನ್ನು ಹೇಳುವ ಶಾಸನಗಳಲ್ಲಿ ಇದು ಅತ್ಯಂತ ಹಳೆಯವುಗಳ ಸಾಲಿನದು. ಗಣಿತದ ಇತಿಹಾಸಕ್ಕೆ ಇಂಥ ದಿನಾಂಕಸಹಿತ ಸಾಕ್ಷಿ ಸಿಗುವುದು ಅಪರೂಪ.

ರವಿಕೀರ್ತಿಯ ಲೆಕ್ಕವನ್ನು ನೀವೇ ಪರೀಕ್ಷಿಸಬಹುದು. ಒಂಬತ್ತನ್ನು ಬಿಡುವ ಹಳೆಯ ಉಪಾಯ ಸಾಕು. 556ರ ಅಂಕಿಗಳ ಮೊತ್ತ 16, ಮತ್ತೆ ಕೂಡಿದರೆ 7. 3179ರದು 20, ಅಂದರೆ 2. ಏಳು ಮತ್ತು ಎರಡು ಒಂಬತ್ತು. 3735ರದು 18, ಅದೂ ಒಂಬತ್ತು. ತಾಳೆಯಾಯಿತು.

ಮೇಲಿನ ತರಗತಿಯವರಿಗೆ ಇನ್ನೂ ದೊಡ್ಡ ಲೆಕ್ಕವಿದೆ. ಆರ್ಯಭಟನ ಮಹಾಯುಗದಲ್ಲಿ ದಿನಗಳು 1,57,79,17,500. ಇದನ್ನು 43,20,000ದಿಂದ ಭಾಗಿಸಿ, 3735ರಿಂದ ಗುಣಿಸಿ. ಕಲಿಯ ಆರಂಭದಿಂದ ಕಳೆದ ದಿನಗಳು 13,64,241 ಮತ್ತು ಒಂದು ದಿನದ ಆರನೆಯ ಒಂದು ಭಾಗಕ್ಕಿಂತ ತುಸು ಹೆಚ್ಚು. 7ರಿಂದ ಭಾಗಿಸಿದರೆ ಶೇಷ 4. ಶುಕ್ರವಾರದಿಂದ ನಾಲ್ಕು ದಿನ ಮುಂದೆ ಹೋದರೆ ಮಂಗಳವಾರ. ಅದು ಜೂಲಿಯನ್ ಪಂಚಾಂಗದ ಕ್ರಿ.ಶ. 634ರ ಮಾರ್ಚ್ 22. ಶಾಸನದ 3735ನೆಯ ವರ್ಷ ತುಂಬಿ ಹೊಸ ಸೌರವರ್ಷ ಮೊದಲಾದ ದಿನ.

ಐಹೊಳೆಯಿಂದ ಬಾದಾಮಿಗೆ ಮರಳಿದಾಗ ಅಲ್ಲಿಯೂ ಎರಡು ಸಂಖ್ಯೆಗಳಿವೆ. ಮೂರನೆಯ ಗುಹೆಯಲ್ಲಿ ಮಂಗಳೇಶನ ಶಾಸನ ಶಕ 500 ಎನ್ನುತ್ತದೆ. ಕೋಟೆಯ ಬಂಡೆಯ ಮೇಲೆ ಒಂದನೆಯ ಪುಲಕೇಶಿಯ ಶಾಸನ ಶಕ 465 ಎನ್ನುತ್ತದೆ. ಮೇಗುಟಿಗಿಂತ 91 ವರ್ಷ ಹಿಂದಿನದು ಇದು. 3179 ಕೂಡಿಸಿದರೆ ನಿಮಗೆ 3679 ಮತ್ತು 3644 ಸಿಗುತ್ತವೆ. ಬಾದಾಮಿಯ ಆ ಎರಡು ಕಲ್ಲುಗಳ ಮೇಲೆ ಅವು ಇಲ್ಲ.